ನೇಗಿಲ ಹುಡುಗನ ವ್ಯಾಕರಣ

ಇಂಗ್ಲಿಷ್ ಪೇಪರಿಗೆ ಓದಲು ಕುಳಿತಾಗ ನಮ್ಮಂಥ ಕನ್ನಡ ಮಾಧ್ಯಮದಿಂದ ಬಂದವರಿಗೆ ಏನಾಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕೌಂಟೆನ್ಸಿಯಲ್ಲಿ ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಅಂತಲಾದರೂ ಗೊತ್ತಾಗುತ್ತದೆ. ಹುಡುಕಿದರೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಬರೆದದ್ದು ಸರಿಯೋ ತಪ್ಪೋ ಎನ್ನುವುದೇ ತಿಳಿಯುವುದಿಲ್ಲ. ಗದ್ಯಭಾಗವನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ ಅಂದರೆ, ಗದ್ಯಭಾಗ ಅರ್ಥವಾಗುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಇಂಗ್ಲೆಂಡಿನಲ್ಲೇ ಹುಟ್ಟಿದವರಿಗೆ ಈ ಪಾಡು ಇರಲಿಕ್ಕಿಲ್ಲ ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ. ಅದು ತಪ್ಪು ತಿಳಿವಳಿಕೆ. ಇಂಗ್ಲೆಂಡಿನಲ್ಲೇ ಹುಟ್ಟಿ, ಇಂಗ್ಲಿಷನ್ನೇ ಮಾತಾಡುತ್ತ ಬೆಳೆದು, ಆ ಭಾಷೆಯ ವ್ಯಾಕರಣಕ್ಕಾಗಿ ನಮಗಿಂತ ಹೆಚ್ಚು ಹಸಿವು ಅನುಭವಿಸಿದ ಒಬ್ಬ ಮನುಷ್ಯನಿದ್ದ. ಹೆಸರು ವಿಲಿಯಂ ಕಾಬೆಟ್. ಹುಲಿ ಬೇಟೆಯ ಕಾರ್ಬೆಟ್ ಸಾಹೇಬ ಅಲ್ಲ, ಅವನು ಬೇರೆ. ಇವನು ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನವನು. ಇವನು ಬೇಟೆಯಾಡಿದ್ದು ಮಂತ್ರಿಗಳನ್ನು, ಬಿಷಪ್ಪರನ್ನು, ಕೊನೆಗೆ ರಾಜನ ಭಾಷಣವನ್ನು.

ಕಾಬೆಟ್ ಹುಟ್ಟಿದ್ದು 1763ರ ಮಾರ್ಚ್ 9ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತದ ಫಾರ್ನಮ್ ಎಂಬ ಊರಿನಲ್ಲಿ. ಅಜ್ಜ ದಿನಗೂಲಿಯವನು. ಅಪ್ಪ ಸಣ್ಣ ರೈತ, ಜೊತೆಗೆ ಒಂದು ಛತ್ರದಂಥ ಹೋಟೆಲು ನಡೆಸುತ್ತಿದ್ದ. ಹುಡುಗನಿಗೆ ಶಾಲೆ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಅಕ್ಷರ, ಲೆಕ್ಕ ಎರಡನ್ನೂ ಅಪ್ಪನೇ ಹಗಲಿನ ದುಡಿತ ಮುಗಿದ ಮೇಲೆ ಹೇಳಿಕೊಟ್ಟ. ಅಪ್ಪನಿಗೆ ಗೊತ್ತಿದ್ದಷ್ಟು ಮಗನಿಗೆ ಬಂತು, ಅಷ್ಟೇ. ಹುಡುಗನ ಮೊದಲ ಕೆಲಸ ಹೊಲದಲ್ಲಿ ಹಕ್ಕಿ ಓಡಿಸುವುದು. ಬಿತ್ತಿದ ಟರ್ನಿಪ್ ಬೀಜ ತಿನ್ನಲು ಬರುವ ಗುಬ್ಬಚ್ಚಿ, ಬಟಾಣಿಗೆ ಬರುವ ಕಾಗೆ, ಇವುಗಳನ್ನು ಕೂಗಿ ಅಟ್ಟಬೇಕು. ಆಮೇಲೆ ಗೋಧಿ ಹೊಲದಲ್ಲಿ ಕಳೆ ಕೀಳುವುದು, ಕುದುರೆಯ ಹಗ್ಗ ಹಿಡಿದು ನಡೆಸುವುದು, ಕಡೆಗೆ ನೇಗಿಲು. ನಮ್ಮ ಹಳ್ಳಿಯ ಹುಡುಗರ ಬಾಲ್ಯಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಏನೂ ಇಲ್ಲ.

ಹನ್ನೊಂದು ವರ್ಷದವನಿದ್ದಾಗ ಒಂದು ಘಟನೆ ನಡೆಯಿತು. ಕ್ಯೂ ಎಂಬಲ್ಲಿರುವ ರಾಜನ ತೋಟ ಬಹಳ ಚೆಂದ ಅಂತ ಯಾರೋ ಮಾಲಿ ಹೇಳಿದ್ದನ್ನು ಕೇಳಿ, ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಅಲ್ಲಿಗೆ ಕೆಲಸ ಹುಡುಕಿಕೊಂಡು ನಡೆದೇ ಹೊರಟುಬಿಟ್ಟ. ಕಿಸೆಯಲ್ಲಿ ಇದ್ದದ್ದು ಆರೂವರೆ ಪೆನ್ನಿ. ದಾರಿಯಲ್ಲಿ ರೊಟ್ಟಿ ಮತ್ತು ಗಿಣ್ಣಿಗೆ ಎರಡು ಪೆನ್ನಿ, ತೆಳು ಬಿಯರಿಗೆ ಒಂದು ಪೆನ್ನಿ ಖರ್ಚಾಯಿತು. ಅರ್ಧ ಪೆನ್ನಿ ಎಲ್ಲೋ ಬಿದ್ದುಹೋಯಿತು. ಕಾಮರ್ಸಿನವರು ಲೆಕ್ಕ ಹಾಕಿ ನೋಡಿ, ಉಳಿದದ್ದು ಮೂರು ಪೆನ್ನಿ. ಅದು ರಾತ್ರಿಯ ಊಟದ ದುಡ್ಡು. ರಿಚ್‌ಮಂಡ್ ಊರಿನ ಪುಸ್ತಕದಂಗಡಿಯ ಕಿಟಕಿಯಲ್ಲಿ ಒಂದು ಸಣ್ಣ ಪುಸ್ತಕ ಕಂಡಿತು. ಸ್ವಿಫ್ಟ್ ಬರೆದ 'ಎ ಟೇಲ್ ಆಫ್ ಎ ಟಬ್'. ಬೆಲೆ ಮೂರು ಪೆನ್ನಿ. ಹೆಸರೇ ವಿಚಿತ್ರವಾಗಿದೆಯಲ್ಲ ಅಂತ ಹುಡುಗನಿಗೆ ಕುತೂಹಲ. ಪುಸ್ತಕ ಕೊಂಡರೆ ಊಟವಿಲ್ಲ, ಊಟ ಮಾಡಿದರೆ ಪುಸ್ತಕವಿಲ್ಲ. ಪುಸ್ತಕ ಕೊಂಡ. ತೋಟದ ಪಕ್ಕದ ಹುಲ್ಲುಗಾವಲಿನಲ್ಲಿ ಒಂದು ಬಣವೆಯ ನೆರಳಿಗೆ ಕುಳಿತು ಕತ್ತಲಾಗುವ ತನಕ ಓದಿದ. ಕಣ್ಣು ಕಾಣದಾದಾಗ ಪುಸ್ತಕವನ್ನು ಕಿಸೆಗೆ ಹಾಕಿ ಅಲ್ಲೇ ಮಲಗಿದ. ಬೆಳಿಗ್ಗೆ ಹಕ್ಕಿಗಳ ಸದ್ದಿಗೆ ಎದ್ದು, ಓದುತ್ತಲೇ ತೋಟಕ್ಕೆ ಹೋದ. ಕೆಲಸವೂ ಸಿಕ್ಕಿತು.

ಆ ಪುಸ್ತಕ ಎಂಥದು ಅಂದರೆ, ಇಂಗ್ಲಿಷ್ ಸಾಹಿತ್ಯವನ್ನೇ ಓದುವ ದೊಡ್ಡ ತರಗತಿಯವರಿಗೂ ಸುಲಭಕ್ಕೆ ಜಗ್ಗುವಂಥದಲ್ಲ. ಕ್ರೈಸ್ತ ಮತದ ಪಂಗಡಗಳನ್ನು ಮೂವರು ಅಣ್ಣತಮ್ಮಂದಿರ ಕಥೆಯಾಗಿ ಗೇಲಿ ಮಾಡುವ ಪುಸ್ತಕ ಅದು. ಹನ್ನೊಂದರ ಹುಡುಗನಿಗೆ ಅದರಲ್ಲಿ ಅನೇಕ ಕಡೆ ಏನೂ ಅರ್ಥವಾಗಲಿಲ್ಲ. ಆದರೂ ಓದುವ ಸಂತೋಷ ಹೋಗಲಿಲ್ಲ. ಬುದ್ಧಿ ಎಚ್ಚೆತ್ತದ್ದು ಅಂದೇ ಅಂತ ಮುದುಕನಾದ ಮೇಲೂ ಅವನು ನೆನೆಸಿಕೊಂಡಿದ್ದಾನೆ. ಆ ಪುಸ್ತಕವನ್ನು ಹೋದಲ್ಲೆಲ್ಲ ಜೊತೆಗೇ ಒಯ್ದ. ಕಡೆಗೆ ಉತ್ತರ ಅಮೆರಿಕದ ಬೇ ಆಫ್ ಫಂಡಿಯಲ್ಲಿ ಅವನ ಪೆಟ್ಟಿಗೆ ಸಮುದ್ರಕ್ಕೆ ಬಿದ್ದಾಗ ಪುಸ್ತಕವೂ ಹೋಯಿತು. ಮುಂದೆ ಸಾವಿರಾರು ಪೌಂಡ್ ಕಳೆದುಕೊಂಡಾಗಲೂ ಅಷ್ಟು ದುಃಖವಾಗಲಿಲ್ಲವಂತೆ.

1783ರಲ್ಲಿ, ಇಪ್ಪತ್ತು ವರ್ಷದವನಾಗಿ, ಕಾಬೆಟ್ ಲಂಡನ್ನಿಗೆ ಹೋದ. ಒಬ್ಬ ವಕೀಲರ ಆಫೀಸಿನಲ್ಲಿ ಗುಮಾಸ್ತೆಯಾದ. ಬೆಳಗಿನಿಂದ ರಾತ್ರಿಯ ತನಕ ಕತ್ತಲೆ ಕೋಣೆಯಲ್ಲಿ ಕಾಗದ ನಕಲು ಮಾಡುವ ಕೆಲಸ. ಹೊಲದಲ್ಲಿ ಬೆಳೆದವನಿಗೆ ಅದು ಸೆರೆಮನೆ. ಎಂಟೊಂಬತ್ತು ತಿಂಗಳಲ್ಲಿ ಬಿಟ್ಟು, 1784ರಲ್ಲಿ ಸಿಪಾಯಿಯಾಗಿ ಸೇರಿಕೊಂಡ. 54ನೇ ಕಾಲಾಳು ರೆಜಿಮೆಂಟು. ಚ್ಯಾಟಮ್ ಎಂಬ ಊರಿನ ದಂಡಿನಲ್ಲಿ ಸುಮಾರು ಒಂದು ವರ್ಷ ಇರಬೇಕಾಯಿತು. ನಾನು ಹೇಳಹೊರಟ ಕಥೆಯ ಮುಖ್ಯ ಭಾಗ ಅಲ್ಲಿಯದು.

ಕಾಬೆಟ್‌ನ ಕೈಬರಹ ಚೆನ್ನಾಗಿತ್ತು. ಆದ್ದರಿಂದ ದಂಡಿನ ಮುಖ್ಯಸ್ಥನಾಗಿದ್ದ ಕರ್ನಲ್ ಡೆಬೀಗ್ ತನ್ನ ಪತ್ರಗಳ ನಕಲು ತೆಗೆಯಲು ಅವನನ್ನು ಹಾಕಿಕೊಂಡ. ನಕಲು ಮಾಡುವಾಗ ಈ ಸಿಪಾಯಿಗೆ ವ್ಯಾಕರಣ ಗೊತ್ತಿಲ್ಲ ಎಂಬುದು ಕರ್ನಲನ ಕಣ್ಣಿಗೆ ಬಿತ್ತು. ಬೈಯಲಿಲ್ಲ. ವ್ಯಾಕರಣ ಕಲಿತುಕೋ, ಮುಂದೆ ಬರುತ್ತೀ ಅಂತ ಬುದ್ಧಿ ಹೇಳಿದ. ಕಾಬೆಟ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಬರೆದ ಒಂದು ಇಂಗ್ಲಿಷ್ ವ್ಯಾಕರಣ ಆಗ ಬಹಳ ಹೆಸರುವಾಸಿಯಾಗಿತ್ತು. ಅದನ್ನು ಸಂಪಾದಿಸಿದ.

ಹೇಗೆ ಓದಿದ ಎಂಬುದನ್ನು ಕೇಳಿ. ಓದಿದಾಗ ಬಹಳಷ್ಟು ಅರ್ಥವಾಗಲಿಲ್ಲ. ಕೇಳೋಣ ಅಂದರೆ ಮೇಷ್ಟರಿಲ್ಲ. ಇಡೀ ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಎರಡು ಮೂರು ಸಲ ಕೈಯಲ್ಲಿ ನಕಲು ಮಾಡಿದ. ಬಾಯಿಪಾಠ ಮಾಡಿದ. ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಪ್ಪಿಸಿಕೊಂಡ. ಪಹರೆಯ ಪಾಳಿ ಬಂದಾಗಲೆಲ್ಲ, ಬಂದೂಕು ಹಿಡಿದು ನಿಂತಲ್ಲೇ, ಇಡೀ ವ್ಯಾಕರಣವನ್ನು ಒಂದಾವರ್ತಿ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು ಅಂತ ತನಗೆ ತಾನೇ ಕಟ್ಟಳೆ ಹಾಕಿಕೊಂಡ. ಅವನಿಗೆ ಪರೀಕ್ಷೆ ಇರಲಿಲ್ಲ, ಹಾಲ್ ಟಿಕೆಟ್ ಇರಲಿಲ್ಲ. ಹೀಗೆ ಉರುಹೊಡೆದದ್ದು ನಿಧಾನವಾಗಿ, ಬಹಳ ನಿಧಾನವಾಗಿ ಅರ್ಥವಾಗತೊಡಗಿತು.

ಇನ್ನು ಅವನ ಆಯವ್ಯಯ. ಸಿಪಾಯಿಯ ಸಂಬಳ ದಿನಕ್ಕೆ ಆರು ಪೆನ್ನಿ. ವಾರಕ್ಕೆ ನಲವತ್ತೆರಡು. ಅದರಲ್ಲೇ ಊಟ, ಬಟ್ಟೆ ಒಗೆಸುವುದು, ತಲೆಗೆ ಪೌಡರು, ಶೂ ಪಾಲಿಷು ಎಲ್ಲ ನಡೆಯಬೇಕು. ಎಲ್ಲ ಕಳೆದು ವಾರಕ್ಕೆ ಕೈಯಲ್ಲಿ ಉಳಿಯುತ್ತಿದ್ದದ್ದು ಎರಡು ಪೆನ್ನಿ. ಒಂದು ಲೇಖನಿಯೋ ಒಂದು ಹಾಳೆಯೋ ಬೇಕೆಂದರೆ ಒಂದು ಹೊತ್ತಿನ ಊಟದಲ್ಲಿ ಮುರಿದುಕೊಳ್ಳಬೇಕು. ಮೇಣದ ಬತ್ತಿಗೆ ದುಡ್ಡಿಲ್ಲ. ಚಳಿಗಾಲದ ಸಂಜೆ ಒಲೆಯ ಬೆಂಕಿಯೇ ಬೆಳಕು. ಅದೂ ಒಲೆಯ ಹತ್ತಿರ ಕೂರುವ ತನ್ನ ಸರದಿ ಬಂದಾಗ ಮಾತ್ರ. ಮಲಗುವ ಹಲಗೆಯ ಅಂಚೇ ಕುರ್ಚಿ, ಬೆನ್ನಚೀಲವೇ ಪುಸ್ತಕದ ಕಪಾಟು, ತೊಡೆಯ ಮೇಲಿಟ್ಟುಕೊಂಡ ಮರದ ಚೂರೇ ಮೇಜು. ಸುತ್ತಲೂ ಹತ್ತಾರು ಸಿಪಾಯಿಗಳ ಹಾಡು, ನಗು, ಜಗಳ. ಹಾಸ್ಟೆಲಿನಲ್ಲಿ, ಇಲ್ಲವೇ ಒಂದೇ ಕೋಣೆಯಲ್ಲಿ ಎಂಟು ಜನ ಇರುವ ಮನೆಗಳಲ್ಲಿ ಓದುವ ನಮ್ಮ ಗೆಳೆಯರಿಗೆ ಇದು ಗೊತ್ತಿರುವ ಸಂಗತಿ.

ಒಂದು ಶುಕ್ರವಾರ ಎಲ್ಲ ಖರ್ಚು ಕಳೆದು ಹೇಗೋ ಒಂದು ಅರ್ಧ ಪೆನ್ನಿ ಉಳಿಸಿದ್ದ. ಮರುದಿನ ಬೆಳಿಗ್ಗೆ ಒಣಗಿಸಿದ ಹೆರಿಂಗ್ ಮೀನು ಕೊಂಡು ತಿನ್ನಬೇಕು ಎಂಬ ಆಸೆ. ರಾತ್ರಿ ಬಟ್ಟೆ ಬಿಚ್ಚುವಾಗ ನೋಡುತ್ತಾನೆ, ಅರ್ಧ ಪೆನ್ನಿ ಇಲ್ಲ. ಎಲ್ಲೋ ಬಿದ್ದುಹೋಗಿದೆ. ಆ ಆರಡಿ ಎತ್ತರದ ಸಿಪಾಯಿ ಹರಕು ಹೊದಿಕೆಯೊಳಗೆ ತಲೆ ಹುದುಗಿಸಿ ಮಗುವಿನ ಹಾಗೆ ಅತ್ತ. ಇದನ್ನು ಅವನೇ ಮುಂದೆ ಯುವಕರಿಗಾಗಿ ಬರೆದ ಪುಸ್ತಕದಲ್ಲಿ ನಾಚಿಕೆಯಿಲ್ಲದೆ ಹೇಳಿಕೊಂಡಿದ್ದಾನೆ. ನಾನಂತೂ ಆ ಭಾಗವನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ.

ಶ್ರಮ ವ್ಯರ್ಥವಾಗಲಿಲ್ಲ. 1785ರಲ್ಲಿ ಅವನನ್ನು ಇಂದಿನ ಕೆನಡಾದ ಕಡೆಗೆ, ಮೊದಲು ನೋವಾಸ್ಕೋಷಿಯಾಕ್ಕೆ, ಆಮೇಲೆ ನ್ಯೂ ಬ್ರನ್ಸ್‌ವಿಕ್ಕಿಗೆ ಕಳಿಸಿದರು. ರೆಜಿಮೆಂಟಿನಲ್ಲಿ ಸರಿಯಾಗಿ ಬರೆಯಬಲ್ಲವರು ಕಡಿಮೆ. ವರದಿ, ಹಾಜರಿ ಪುಸ್ತಕ, ಅಪ್ಪಣೆ ಪತ್ರ ಎಲ್ಲವೂ ಇವನ ಕೈಗೆ ಬಂದವು. ಮೂವತ್ತು ಸಾರ್ಜೆಂಟರನ್ನು ದಾಟಿಸಿ ಇವನನ್ನು ಸಾರ್ಜೆಂಟ್ ಮೇಜರ್ ಮಾಡಿದರು. ಅಧಿಕಾರಿಗಳಿಗೆ ಇವನಿಲ್ಲದೆ ಒಂದು ದಿನ ನಡೆಯುತ್ತಿರಲಿಲ್ಲ. ಬೇರೆಯವರು ಕುಡಿತಕ್ಕೆ ಹಾಕುವ ದುಡ್ಡನ್ನು ಇವನು ಕೂಡಿಟ್ಟ. ಅಲ್ಲೇ ಮೆಚ್ಚಿದ ಆ್ಯನ್ ರೀಡ್ ಎಂಬ ಹುಡುಗಿಯ ಮನೆಯವರು ಇಂಗ್ಲೆಂಡಿಗೆ ಮರಳುವಾಗ, ಕೂಡಿಟ್ಟ 150 ಗಿನಿಯನ್ನೂ ಅವಳ ಕೈಗೆ ಕೊಟ್ಟು, ಕಷ್ಟಪಡಬೇಡ, ಖರ್ಚು ಮಾಡಿಕೋ ಅಂದ. ನಾಲ್ಕು ವರ್ಷದ ಮೇಲೆ ಬಂದು ನೋಡಿದರೆ ಅವಳು ವರ್ಷಕ್ಕೆ ಐದು ಪೌಂಡ್ ಸಂಬಳಕ್ಕೆ ಮನೆಗೆಲಸ ಮಾಡುತ್ತಿದ್ದಳು. 150 ಗಿನಿ ಒಂದೂ ಕಡಿಮೆಯಾಗದೆ ಹಾಗೇ ಇತ್ತು. ಅವಳ ಸಂಬಳದ ಲೆಕ್ಕದಲ್ಲಿ ಅದು ಮೂವತ್ತೊಂದೂವರೆ ವರ್ಷದ ದುಡಿಮೆ! 1792ರ ಫೆಬ್ರವರಿಯಲ್ಲಿ ಇಬ್ಬರ ಮದುವೆಯಾಯಿತು.

ಆದರೆ ಬರೆಯಲು ಬಂದರೆ ಕಾಣಬಾರದ್ದೂ ಕಾಣುತ್ತದೆ. ರೆಜಿಮೆಂಟಿನ ಲೆಕ್ಕದ ಪುಸ್ತಕಗಳು ಕೈಗೆ ಬಂದಾಗ, ಸಿಪಾಯಿಗಳ ಊಟದ ಪಾಲನ್ನು ಮೇಲಿನವರು ನುಂಗುತ್ತಿರುವುದು ಕಾಬೆಟ್‌ಗೆ ಗೊತ್ತಾಯಿತು. ಹಸಿವು ಏನು ಅಂತ ಬಲ್ಲವನು ಅವನು. ಗುಟ್ಟಾಗಿ ಲೆಕ್ಕದ ನಕಲು ತೆಗೆದಿಟ್ಟುಕೊಂಡ. 1791ರ ಕೊನೆಗೆ ಸೈನ್ಯದಿಂದ ಬಿಡುಗಡೆ ಪಡೆದ ಮೇಲೆ ಅಧಿಕಾರಿಗಳ ಮೇಲೆ ಲಿಖಿತ ದೂರು ಕೊಟ್ಟ. ವಿಚಾರಣೆ 1792ರ ಮಾರ್ಚಿಗೆ ಗೊತ್ತಾಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ಸಾಕ್ಷಿಗಳಿಗೆ ರಕ್ಷಣೆಯಿಲ್ಲ, ದೂರು ಕೊಟ್ಟವನ ಮೇಲೆಯೇ ಆರೋಪ ಹೊರಿಸುವ ಸಿದ್ಧತೆ ನಡೆದಿದೆ ಅಂತ ಅವನಿಗೆ ಸುಳಿವು ಹತ್ತಿತು. ವಿಚಾರಣೆಯ ದಿನ ಕಾಬೆಟ್ ಹಾಜರಾಗಲಿಲ್ಲ. ಹೆಂಡತಿಯೊಡನೆ ಫ್ರಾನ್ಸಿಗೆ ಹೋದ. ಅಲ್ಲಿ ಕ್ರಾಂತಿಯ ಗದ್ದಲ ಹೆಚ್ಚಾಗುತ್ತಲೇ ಅದೇ ವರ್ಷ ಅಮೆರಿಕಕ್ಕೆ ಹಡಗು ಹತ್ತಿದ.

ಅಮೆರಿಕದಲ್ಲಿ ಅವನ ಹೊಟ್ಟೆಪಾಡಿಗೆ ಆದದ್ದು ಅದೇ ವ್ಯಾಕರಣ. ಕ್ರಾಂತಿಯಿಂದ ಓಡಿಬಂದ ಫ್ರೆಂಚರು ವಿಲ್ಮಿಂಗ್ಟನ್, ಫಿಲಡೆಲ್ಫಿಯಾ ಊರುಗಳಲ್ಲಿ ತುಂಬಿದ್ದರು. ಇಂಗ್ಲಿಷ್ ಬಾರದೆ ಅವರಿಗೆ ಕೆಲಸವಿಲ್ಲ. ಕಾಬೆಟ್ ಅವರಿಗೆ ಪಾಠ ಹೇಳತೊಡಗಿದ. 1795ರಲ್ಲಿ ಫ್ರೆಂಚ್ ಭಾಷೆಯವರು ಇಂಗ್ಲಿಷ್ ಕಲಿಯಲೆಂದೇ ಒಂದು ವ್ಯಾಕರಣ ಪುಸ್ತಕ ಬರೆದು ಅಚ್ಚು ಹಾಕಿಸಿದ. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬರುವವನು ಎಲ್ಲೆಲ್ಲಿ ಎಡವುತ್ತಾನೆ ಅಂತ ದಿನಾ ನೋಡಿ ಬರೆದ ಪುಸ್ತಕ ಅದು. ಮೇಷ್ಟರಿಲ್ಲದೆ ಕಲಿತವನು ಹೀಗೆ ಸ್ವತಃ ಮೇಷ್ಟರಾದ.

ಜೊತೆಗೆ ರಾಜಕೀಯದ ಬರಹವನ್ನೂ ಶುರುಮಾಡಿದ. ಇಟ್ಟುಕೊಂಡ ಹೆಸರು ಪೀಟರ್ ಪೋರ್ಕ್ಯುಪೈನ್, ಅಂದರೆ ಮುಳ್ಳುಹಂದಿ. ಹೆಸರಿಗೆ ತಕ್ಕಂತೆ ಬರೆದ. ಒಬ್ಬ ಪ್ರಸಿದ್ಧ ಡಾಕ್ಟರು ಹೂಡಿದ ಮಾನನಷ್ಟದ ಮೊಕದ್ದಮೆಯಲ್ಲಿ 5000 ಡಾಲರ್ ದಂಡ ಬಿತ್ತು. 1800ರಲ್ಲಿ ಇಂಗ್ಲೆಂಡಿಗೆ ಮರಳಿದ. 1802ರಲ್ಲಿ 'ಪೊಲಿಟಿಕಲ್ ರಿಜಿಸ್ಟರ್' ಎಂಬ ವಾರಪತ್ರಿಕೆ ತೆಗೆದ. ಆಗ ಅವನು ಸರ್ಕಾರದ ಪರವಾಗಿದ್ದ. ಆದರೆ ಹಳ್ಳಿಗಳಲ್ಲಿ ತಿರುಗಾಡಿ ಕೂಲಿಯವರ ಪಾಡು ನೋಡಿದಂತೆ ಮನಸ್ಸು ತಿರುಗಿತು. 1809ರಲ್ಲಿ ಈಲಿ ಎಂಬ ಊರಿನಲ್ಲಿ ಸಂಬಳದ ಕಡಿತಕ್ಕೆ ತಕರಾರು ಮಾಡಿದ ಸಿಪಾಯಿಗಳಿಗೆ ಛಡಿ ಏಟು ಕೊಡಿಸಿದರು. ಕಾವಲಿಗೆ ನಿಂತವರು ಜರ್ಮನ್ ಪಡೆಯವರು. ಆರು ಪೆನ್ನಿಯ ಹಳೆಯ ಸಿಪಾಯಿಗೆ ಸುಮ್ಮನಿರಲಾಗಲಿಲ್ಲ. ಖಾರವಾಗಿ ಬರೆದ. ರಾಜದ್ರೋಹದ ಬರಹ ಅಂತ ತೀರ್ಮಾನವಾಗಿ, 1810ರಲ್ಲಿ ಎರಡು ವರ್ಷ ನ್ಯೂಗೇಟ್ ಜೈಲು, 1000 ಪೌಂಡ್ ದಂಡ. ಜೈಲಿನಿಂದಲೇ ಪತ್ರಿಕೆಗೆ ಬರೆಯುತ್ತಿದ್ದ.

ಆ ಕಾಲದ ಪತ್ರಿಕೆಗಳ ಮೇಲೆ ಸ್ಟಾಂಪ್ ತೆರಿಗೆ ಇತ್ತು. ಅದರಿಂದ 'ರಿಜಿಸ್ಟರ್' ಬೆಲೆ ಒಂದು ಷಿಲಿಂಗಿಗೂ ಮೇಲೆ. ಕೂಲಿಯವನಿಗೆ ಎಟಕುವ ಬೆಲೆಯಲ್ಲ. 1816ರ ನವೆಂಬರಿನಲ್ಲಿ ಕಾಬೆಟ್ ಒಂದು ಉಪಾಯ ಮಾಡಿದ. ಸುದ್ದಿ ತೆಗೆದುಹಾಕಿ ತನ್ನ ಲೇಖನವೊಂದನ್ನೇ ಬಿಡಿ ಹಾಳೆಯಾಗಿ ಅಚ್ಚು ಹಾಕಿದ. ತೆರಿಗೆ ಬೀಳಲಿಲ್ಲ. ಬೆಲೆ ಎರಡು ಪೆನ್ನಿ. ಹತ್ತಾರು ಸಾವಿರ ಪ್ರತಿಗಳು ಹೋದವು. ಓದು ಬಂದವನು ಒಬ್ಬ ಓದುವುದು, ಬಾರದವರು ಸುತ್ತ ಕೂತು ಕೇಳುವುದು, ಹೀಗೆ ಹೆಂಡದಂಗಡಿಗಳಲ್ಲಿ, ಮಗ್ಗದ ಮನೆಗಳಲ್ಲಿ ಅದು ಹಬ್ಬಿತು. ದೊಡ್ಡವರು ಎರಡು ಪೆನ್ನಿಯ ಕಸ ಅಂತ ಮೂಗು ಮುರಿದರು. ಸರಿ, ಹಾಗೇ ಇರಲಿ ಅಂತ ಆ ಹೆಸರನ್ನೇ ಕಾಬೆಟ್ ಇಟ್ಟುಕೊಂಡ.

ಸರ್ಕಾರ ಹೆದರಿತು. 1817ರಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಅಧಿಕಾರವನ್ನು ಪಡೆದುಕೊಂಡಿತು. ಎರಡನೇ ಸಲ ಜೈಲಿಗೆ ಹೋದರೆ ಲೇಖನಿಯನ್ನೂ ಕಸಿಯುತ್ತಾರೆ ಅಂತ ಕಾಬೆಟ್ ಮತ್ತೆ ಅಮೆರಿಕಕ್ಕೆ ಹೋದ. ಅಲ್ಲಿನ ಲಾಂಗ್ ಐಲೆಂಡಿನಲ್ಲಿ ಹೊಲ ಮಾಡಿಕೊಂಡು, ಟರ್ನಿಪ್ ಬೆಳೆಯುತ್ತ, ಒಂದು ಪುಸ್ತಕ ಬರೆದ. ರಾಜಕೀಯದ ಮನುಷ್ಯ ದೇಶಬಿಟ್ಟು ಹೋಗಿ ಏನು ಬರೆಯುತ್ತಾನೆ? ಆತ್ಮಕಥೆ, ಇಲ್ಲ ವೈರಿಗಳಿಗೆ ಬೈಗುಳ. ಕಾಬೆಟ್ ಬರೆದದ್ದು ಇಂಗ್ಲಿಷ್ ವ್ಯಾಕರಣ.

1818ರಲ್ಲಿ ಅಚ್ಚಾದ ಆ ಪುಸ್ತಕ ಹದಿನಾಲ್ಕು ವರ್ಷದ ಮಗ ಜೇಮ್ಸ್‌ಗೆ ಬರೆದ ಪತ್ರಗಳ ರೂಪದಲ್ಲಿದೆ. ಆದರೆ ಯಾರಿಗೆ ಈ ಪುಸ್ತಕ ಎಂಬುದನ್ನು ಮುಖಪುಟದಲ್ಲೇ ಹೇಳಿದ್ದಾನೆ: ಶಾಲೆಗಳಿಗೆ, ಯುವಕರಿಗೆ, ವಿಶೇಷವಾಗಿ ಸಿಪಾಯಿಗಳಿಗೆ, ನಾವಿಕರಿಗೆ, ಕಸುಬು ಕಲಿಯುವ ಹುಡುಗರಿಗೆ, ನೇಗಿಲು ಹಿಡಿಯುವ ಹುಡುಗರಿಗೆ.

ಯಾಕೆ ವ್ಯಾಕರಣ? ಇದನ್ನು ತಿಳಿಯಲು ಆಗಿನ ಪರಿಸ್ಥಿತಿ ಸ್ವಲ್ಪ ಗೊತ್ತಿರಬೇಕು. ಬಡವರಿಗೆ ಓಟಿರಲಿಲ್ಲ. ಅವರಿಗೆ ಇದ್ದ ಒಂದೇ ದಾರಿ ಪಾರ್ಲಿಮೆಂಟಿಗೆ ಅರ್ಜಿ ಬರೆಯುವುದು. ಆ ಅರ್ಜಿಯ ಭಾಷೆ ಮರ್ಯಾದೆಯದಲ್ಲ ಅಂತ ನೆಪ ತೆಗೆದು, ವಿಷಯವನ್ನು ನೋಡದೆಯೇ ತಳ್ಳಿಹಾಕಬಹುದಾಗಿತ್ತು. 1793ರಲ್ಲಿ ನಾಟಿಂಗ್‌ಹ್ಯಾಮಿನವರು ಓಟಿನ ಸುಧಾರಣೆ ಕೇಳಿ ಕಳಿಸಿದ ಅರ್ಜಿಗೆ ಹೀಗೇ ಆಯಿತು. ಚೆನ್ನಾಗಿ ಬರೆಯಲು ಬಾರದವನಿಗೆ ಚೆನ್ನಾಗಿ ಯೋಚಿಸಲೂ ಬಾರದು ಎಂಬುದು ಮೇಲಿನವರ ನಂಬಿಕೆ. ಕಾಬೆಟ್ ಈ ಬಾಗಿಲನ್ನು ಒಡೆಯಲು ಹೊರಟ. ತನ್ನ ಹಕ್ಕನ್ನು ತಾನೇ ಕಾಗದದ ಮೇಲೆ ಇಡಲು ಬಾರದವನು ಇನ್ನೊಬ್ಬರ ದಯೆಯಲ್ಲಿ ಬದುಕಬೇಕಾಗುತ್ತದೆ ಎಂಬುದು ಅವನ ವಾದ. ಸಾರ್ಜೆಂಟನಾಗಿ ದೂರು ಬರೆದವನು, ಪೆಟ್ಟು ತಿಂದವನು, ಇದನ್ನು ಅನುಭವದಿಂದಲೇ ಹೇಳಿದ.

ಪುಸ್ತಕದೊಳಗಿನ ತಮಾಷೆಯೂ ಕಡಿಮೆಯಿಲ್ಲ. ಅವನು ಬಾಯಿಪಾಠ ಮಾಡಿದ್ದ ಲೌತ್ ತನ್ನ ಅಡಿಟಿಪ್ಪಣಿಗಳಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್, ಪೋಪ್ ಮುಂತಾದ ದೊಡ್ಡ ಲೇಖಕರ ವ್ಯಾಕರಣದ ತಪ್ಪುಗಳನ್ನು ಎತ್ತಿ ತೋರಿಸಿದ್ದ. ಕಾಬೆಟ್‌ಗೆ ಬಾಲ್ಯದಲ್ಲಿ ಊಟ ತಪ್ಪಿಸಿದ ಸ್ವಿಫ್ಟ್ ಕೂಡ ಆ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಶಿಷ್ಯ ಗುರುವಿನ ಉಪಾಯವನ್ನೇ ಬೇರೆ ಕಡೆಗೆ ತಿರುಗಿಸಿದ. ನಿಘಂಟು ಬರೆದ ಡಾಕ್ಟರ್ ಜಾನ್ಸನ್ನನ ವಾಕ್ಯಗಳನ್ನು ಹಿಡಿದು ತಿದ್ದಿದ. 1823ರ ಆವೃತ್ತಿಗೆ ಇನ್ನೂ ಆರು ಪಾಠಗಳನ್ನು ಸೇರಿಸಿದ. ಅವು ರಾಜ್ಯವಾಳುವವರು ತಪ್ಪು ವ್ಯಾಕರಣ ಬಳಸದಂತೆ ತಡೆಯುವ ಪಾಠಗಳು! ಪಾರ್ಲಿಮೆಂಟಿನ ಸ್ಪೀಕರ್, ಮಂತ್ರಿ ಕಾಸಲ್‌ರೇ, ವಾಟರ್ಲೂ ಗೆದ್ದ ವೆಲಿಂಗ್ಟನ್, ವಿಂಚೆಸ್ಟರಿನ ಬಿಷಪ್, ಕೊನೆಗೆ ರಾಜಪ್ರತಿನಿಧಿಯ ಭಾಷಣ ಎಲ್ಲವನ್ನೂ ಸಾಲು ಸಾಲಾಗಿ ಹಿಡಿದು, ಇಲ್ಲಿ ಸರ್ವನಾಮ ಯಾವುದನ್ನು ಸೂಚಿಸುತ್ತದೆ, ಇಲ್ಲಿ ಕ್ರಿಯಾಪದ ಯಾಕೆ ಸರಿಯಿಲ್ಲ, ಈ ವಾಕ್ಯಕ್ಕೆ ಅರ್ಥ ಎರಡು ಬರುತ್ತದಲ್ಲ ಅಂತ ಪರೀಕ್ಷಕನ ಹಾಗೆ ಕೆಂಪು ಗೆರೆ ಎಳೆದ. ವೆಲಿಂಗ್ಟನ್ನನ ಅಣ್ಣ ವೆಲ್ಲೆಸ್ಲಿಯನ್ನೂ ಬಿಡಲಿಲ್ಲ. ಈ ವೆಲ್ಲೆಸ್ಲಿ ಯಾರು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಡಿಯಾದ ಗವರ್ನರ್ ಜನರಲ್ ಆಗಿದ್ದವನೇ. ಟಿಪ್ಪುವನ್ನು ಸೋಲಿಸಿದವನ ಇಂಗ್ಲಿಷನ್ನು ಒಬ್ಬ ರೈತನ ಮಗ ತಿದ್ದಿದ ಅಂತ ಓದಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಇನ್ನು ಸಮೂಹವಾಚಕ ನಾಮಪದಗಳಿಗೆ ಉದಾಹರಣೆ ಕೊಡುವಾಗ ಪಾರ್ಲಿಮೆಂಟ್, ಪುಂಡರ ಗುಂಪು, ಕಳ್ಳರ ಗುಹೆ ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಏನೂ ಗೊತ್ತಿಲ್ಲದವನ ಹಾಗೆ ಪೋಣಿಸಿದ್ದಾನೆ.

ನಗು ಒಂದು ಕಡೆ ಇರಲಿ. ಇದರಿಂದ ಓದುವ ಹುಡುಗನಿಗೆ ಎರಡು ಲಾಭವಾಯಿತು. ಒಂದು, ವಾಕ್ಯವನ್ನು ಬಿಡಿಸಿ ಅರ್ಥ ಹುಡುಕುವ ಅಭ್ಯಾಸ. ನಮ್ಮ ಪೇಪರಿನಲ್ಲಿ ಗದ್ಯಭಾಗ ಕೊಟ್ಟು ಕೇಳುವುದೂ ಇದನ್ನೇ ಅಲ್ಲವೇ? ಎರಡು, ಹೆದರಿಕೆ ಹೋಯಿತು. ದೊಡ್ಡ ಕುರ್ಚಿಯಲ್ಲಿ ಕೂತವರೂ ತಪ್ಪು ಬರೆಯುತ್ತಾರೆ, ಅದನ್ನು ನಾನೂ ಹಿಡಿಯಬಲ್ಲೆ ಅಂತ ಗೊತ್ತಾದ ಮೇಲೆ ಭಾಷೆ ಭೂತವಾಗಿ ಉಳಿಯುವುದಿಲ್ಲ.

ಕಾಬೆಟ್‌ನನ್ನು ದೇವರು ಮಾಡುವ ಅಗತ್ಯವಿಲ್ಲ. ಅವನಲ್ಲಿ ದೊಡ್ಡ ದೋಷಗಳಿದ್ದವು. ಕಪ್ಪು ಜನರ ಬಗ್ಗೆ, ಯಹೂದಿಗಳ ಬಗ್ಗೆ ಅವನು ಬರೆದದ್ದು ಓದಿದರೆ ತಲೆತಗ್ಗಿಸಬೇಕಾಗುತ್ತದೆ. ಕೆಳಗಿನವರ ಪರವಾಗಿ ನಿಂತವನಿಗೆ ತನ್ನ ಊರಿನ ಕೆಳಗಿನವರು ಮಾತ್ರ ಕಂಡರು. ತಾನೇ ಸರಿ ಎಂಬ ಹಟವೂ ಬಹಳ. 1819ರಲ್ಲಿ ಇಂಗ್ಲೆಂಡಿಗೆ ಮರಳುವಾಗ ಥಾಮಸ್ ಪೇಯ್ನ್ ಎಂಬ ಕ್ರಾಂತಿಕಾರಿ ಲೇಖಕನ ಮೂಳೆಗಳನ್ನು ಅಗೆದು ತೆಗೆದು ಪೆಟ್ಟಿಗೆಯಲ್ಲಿ ತಂದ. ಸ್ಮಾರಕ ಕಟ್ಟಿಸಬೇಕು ಅಂತ ಆಸೆ. ಸ್ಮಾರಕವೂ ಆಗಲಿಲ್ಲ, ಮೂಳೆಗಳೂ ಆಮೇಲೆ ಎಲ್ಲೋ ಕಳೆದುಹೋದವು.

ಮುಂದೆ ಕುದುರೆಯ ಮೇಲೆ ಹಳ್ಳಿ ಹಳ್ಳಿ ಸುತ್ತಿ ಕಂಡದ್ದನ್ನೆಲ್ಲ ಬರೆದ. ಅದೇ 1830ರಲ್ಲಿ ಪುಸ್ತಕವಾದ 'ರೂರಲ್ ರೈಡ್ಸ್'. 1831ರಲ್ಲಿ ಕೂಲಿಗಾರರನ್ನು ದಂಗೆಗೆ ಎಬ್ಬಿಸಿದ ಅಂತ ಮತ್ತೆ ಮೊಕದ್ದಮೆ. ವಕೀಲರಿಲ್ಲದೆ ತಾನೇ ವಾದಿಸಿದ. ಜೂರಿಯವರಲ್ಲಿ ಒಮ್ಮತ ಬರಲಿಲ್ಲ, ಬಿಟ್ಟುಬಿಟ್ಟರು. 1832ರಲ್ಲಿ ಓಟಿನ ಕಾನೂನು ಸುಧಾರಿಸಿತು. ಆ ವರ್ಷದ ಕೊನೆಯ ಚುನಾವಣೆಯಲ್ಲಿ ಓಲ್ಡಮ್ ಊರಿನಿಂದ ಗೆದ್ದ. ಸುಮಾರು ಎಪ್ಪತ್ತು ವರ್ಷದ ಮುದುಕ, ಹಕ್ಕಿ ಓಡಿಸುತ್ತಿದ್ದ ಹುಡುಗ, ತಾನು ಕಳ್ಳರ ಗುಹೆಯ ಪಕ್ಕದಲ್ಲಿ ಬರೆದಿದ್ದ ಅದೇ ಪಾರ್ಲಿಮೆಂಟಿನಲ್ಲಿ ಹೋಗಿ ಕುಳಿತ. 1835ರ ಜೂನ್ 18ರಂದು ತೀರಿಕೊಂಡ. ಹುಟ್ಟಿದ ಊರು ಫಾರ್ನಮಿನಲ್ಲೇ ಮಣ್ಣು ಮಾಡಿದರು.

1832ರ ಅದೇ ಚುನಾವಣೆಯಲ್ಲಿ ಲೀಡ್ಸ್ ಊರಿನಿಂದ ಗೆದ್ದು ಬಂದ ಇನ್ನೊಬ್ಬ ಸದಸ್ಯನ ಹೆಸರು ನಮಗೆಲ್ಲ ಗೊತ್ತು. ಮೆಕಾಲೆ. ಅವನು ಇಂಡಿಯಾಕ್ಕೆ ಬಂದು, ಕಾಬೆಟ್ ಸತ್ತ ವರ್ಷದ ಫೆಬ್ರವರಿಯಲ್ಲೇ ಇಂಗ್ಲಿಷ್ ಶಿಕ್ಷಣದ ಟಿಪ್ಪಣಿ ಬರೆದ. ನಮ್ಮ ತಲೆಯ ಮೇಲೆ ಇಂಗ್ಲಿಷ್ ಬಂದು ಕೂತದ್ದು ಅಲ್ಲಿಂದ ಅಂತ ಹೇಳುವುದು ರೂಢಿ. ಮೆಕಾಲೆಗೆ ಬೇಕಾಗಿದ್ದದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಂತು ದುಭಾಷಿ ಕೆಲಸ ಮಾಡುವ ಒಂದು ವರ್ಗ. ಕಾಬೆಟ್ ವ್ಯಾಕರಣ ಕಲಿಸಿದ್ದು ನಡುವೆ ಯಾರೂ ಬೇಡ, ನನ್ನ ಮಾತನ್ನು ನಾನೇ ಬರೆಯುತ್ತೇನೆ ಅನ್ನುವವರಿಗೆ. ಒಂದೇ ಭಾಷೆ, ಕಲಿಯುವ ಉದ್ದೇಶ ಎರಡು. ಇಂಗ್ಲಿಷ್ ಪೇಪರಿಗೆ ಕೂತಾಗ ನಾನು ಯಾವುದಕ್ಕಾಗಿ ಓದುತ್ತಿದ್ದೇನೆ ಅಂತ ಕೇಳಿಕೊಂಡೆ. ಪಾಸಾಗಲು ಓದುತ್ತಿದ್ದೇನೆ ಎಂಬುದೇ ಸತ್ಯವಾದ ಉತ್ತರ. ಆದರೆ ನಾಳೆ ಬ್ಯಾಂಕಿನಲ್ಲೋ ಆಫೀಸಿನಲ್ಲೋ ನನ್ನ ಸಂಬಳ ತಪ್ಪಾಗಿ ಕಡಿತವಾದರೆ, ಊರಿನ ಜಮೀನಿನ ಕಾಗದಕ್ಕೆ ಉತ್ತರ ಬರೆಯಬೇಕಾದರೆ, ಆಗ ಇನ್ನೊಬ್ಬರ ಮುಂದೆ ಕೈಕಟ್ಟಿ ನಿಂತು ಎರಡು ಸಾಲು ಬರೆದುಕೊಡಿ ಸ್ವಾಮಿ ಅನ್ನಬೇಕೋ ಬೇಡವೋ ಎಂಬುದೂ ಇದರಲ್ಲೇ ಇದೆ. ನನ್ನ ಅಪ್ಪ ಹಾಗೆ ನಿಂತದ್ದನ್ನು ನೋಡಿದ್ದೇನೆ.

ಕಾಬೆಟ್‌ನ ಕ್ರಮವನ್ನು ಪರೀಕ್ಷಿಸೋಣ ಅಂತ ವ್ಯಾಕರಣ ಪುಸ್ತಕದ ಒಂದು ಅಧ್ಯಾಯವನ್ನು ಕೈಯಲ್ಲಿ ನಕಲು ಮಾಡಿದೆ. ಮೂರು ಸಂಜೆ ಹಿಡಿಯಿತು. ಮೊದಲ ಸಲ ಕೈ ಮಾತ್ರ ನೋಯಿತು. ಎರಡನೇ ಸಲ ಬರೆಯುವಾಗ, ಇಷ್ಟು ದಿನ ಮೇಲಿಂದ ಮೇಲೆ ಓದಿಕೊಂಡು ಹೋಗುತ್ತಿದ್ದ ಒಂದು ನಿಯಮದ ಮುಂದೆ ಪೆನ್ನು ತಾನಾಗಿ ನಿಂತಿತು. ಓಹೋ, ಇದು ಹೀಗೆ ಅನ್ನಿಸಿತು. ಇಡೀ ಪುಸ್ತಕ ಮುಗಿಸುವ ತಾಳ್ಮೆ ನನಗಿದೆಯೋ ಇಲ್ಲವೋ ಹೇಳಲಾರೆ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ತಪ್ಪು ಹುಡುಕುವ ಕೆಲಸವನ್ನಂತೂ ಶುರುಮಾಡಿದ್ದೇನೆ. ಇದುವರೆಗೆ ನಾಲ್ಕು ಸಿಕ್ಕಿವೆ. ಜೊತೆಗೆ ಬರುವವರಿದ್ದರೆ ಸಂಜೆ ಸಂಘದ ಕೋಣೆಗೆ ಬನ್ನಿ. ಪೆನ್ನು, ಹಾಳೆ ನೀವೇ ತನ್ನಿ.